ಗಾಲಿಯ ಮನೆಯಲ್ಲಿ ಅನಿಲದ ಒಲೆ

ಕೊಡಗಿನ ಕುಟ್ಟವನ್ನು ಬಿಟ್ಟು ತೋಲ್ಪೆಟ್ಟಿಯ ಕಾಡನ್ನು ಹೊಕ್ಕು, ತೆಟ್ಟ್ ರೋಡಿನಲ್ಲಿ ಕವಲೊಡೆಯುವ ಕಿರುದಾರಿಯನ್ನು ಹಿಡಿದು ಬ್ರಹ್ಮಗಿರಿಯ ತಪ್ಪಲಿನ ತಿರುನೆಲ್ಲಿಗೆ ಹೋಗುವ ಕನ್ನಡಿಗರ ಸಂಖ್ಯೆ ಹಿಂದಿನಿಂದಲೂ ಕಡಮೆಯದಲ್ಲ. ಅಲ್ಲಿಯ ಮಹಾವಿಷ್ಣುವಿನ ದೇವಾಲಯಕ್ಕೂ, ಗುಡ್ಡದಿಂದಿಳಿದು ಬರುವ ಪಾಪನಾಶಿನಿಯ ತೊರೆಗೂ ಪಿತೃಕಾರ್ಯದ ಕ್ಷೇತ್ರವೆಂಬ ಖ್ಯಾತಿಯಿರುವುದರಿಂದ, ಕರ್ಕಾಟಕ, ತುಲಾ, ಕುಂಭ ಮಾಸಗಳ ಅಮಾವಾಸ್ಯೆಗಳಂದು ಮೈಸೂರು, ಹುಣಸೂರು, ಗೋಣಿಕೊಪ್ಪಲುಗಳ ಕಡೆಯಿಂದ ಮನೆಮಂದಿಯೆಲ್ಲ ವಾಹನ ಮಾಡಿಕೊಂಡು ಹೊರಡುವುದುಂಟು. ಶ್ರಾದ್ಧಕ್ಕೆ ಹೊರಟವರಿಗೆ ದಾರಿಯ ಹೋಟೆಲಿನ ಊಟ ಸಲ್ಲದು. ವೃದ್ಧರಿಗೆ ಬಿಸಿನೀರು ಬೇಕು, ಮಕ್ಕಳಿಗೆ ಹಾಲು ಕಾಯಬೇಕು. ಹೀಗಾಗಿ ಎಳ್ಳು, ದರ್ಭೆ, ಮಡಿಬಟ್ಟೆಗಳ ಗಂಟಿನೊಡನೆ, ಹಿಂದಣ ಆಸನದ ಕೆಳಗೆ ಗೋಣಿಯೊಂದನ್ನು ಹೊದಿಸಿದ ಅಡುಗೆ ಅನಿಲದ ಸಿಲಿಂಡರೂ ಪ್ರಯಾಣ ಮಾಡುತ್ತದೆ. ಪ್ರಯಾಣಿಕರ ಪಟ್ಟಿಯಲ್ಲಿ ಅದರ ಹೆಸರಿರುವುದಿಲ್ಲ.

ಈಚೆಗೆ ಈ ದಾರಿಯಲ್ಲಿ ಬೇರೊಂದು ಬಗೆಯ ವಾಹನವೂ ಕಾಣತೊಡಗಿದೆ. ಮಲಗಲು ಮಂಚ, ಅಡುಗೆಗೆ ಕಟ್ಟೆ, ಸ್ನಾನಕ್ಕೆ ಕೋಣೆ ಎಲ್ಲವನ್ನೂ ಒಳಗೊಂಡ ಕ್ಯಾರವಾನ್ ಅದು. ಕೇರಳ ಸರಕಾರವು 2021ರಲ್ಲಿ ಇಂಥ ವಾಹನಗಳ ಪ್ರವಾಸಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿತು. ಬೆಂಗಳೂರಿನಲ್ಲಿ ಹಳೆಯ ಟೆಂಪೊ ಟ್ರಾವೆಲರುಗಳನ್ನು ಬಡಗಿಯ ನೆರವಿನಿಂದ ಸಂಚಾರಿ ಗೃಹಗಳನ್ನಾಗಿ ಮಾರ್ಪಡಿಸಿಕೊಳ್ಳುವವರು ಹೆಚ್ಚುತ್ತಿದ್ದಾರೆ. ಒಳಗಣ ಮರಗೆಲಸಕ್ಕೂ ದೀಪಾಲಂಕಾರಕ್ಕೂ ಲಕ್ಷಗಟ್ಟಲೆ ವ್ಯಯಿಸಿದ ಮಹನೀಯರು, ಸಿಲಿಂಡರಿಗೆ ಮಾತ್ರ ಮಂಚದ ಕೆಳಗಿನ ಕತ್ತಲೆಯ ಮೂಲೆಯನ್ನು ದಯಪಾಲಿಸಿರುತ್ತಾರೆ. ಶ್ರಾದ್ಧದ ಕುಟುಂಬವಾಗಲಿ ವಿಹಾರದ ಶ್ರೀಮಂತರಾಗಲಿ, ಇಬ್ಬರೂ ಮಾಡುವುದು ಒಂದನ್ನೇ: ಮನೆಯ ಅಡುಗೆಮನೆಯಲ್ಲಿ ಕಲಿತ ಅಭ್ಯಾಸಗಳನ್ನು ಹಾಗೆಯೇ ಗಾಲಿಗಳ ಮೇಲಕ್ಕೆ ಏರಿಸುತ್ತಾರೆ. ನಿಂತ ಮನೆಯಲ್ಲಿ ನಮ್ಮನ್ನು ಕಾಪಾಡಿದ ಅದೇ ಅಭ್ಯಾಸಗಳು ಚಲಿಸುವ ಮನೆಯಲ್ಲಿ ನಮಗೆ ಎರಡು ಬಗೆಯುತ್ತವೆ. ಅದು ಹೇಗೆಂಬುದನ್ನು ತಿಳಿಯಬೇಕಾದರೆ ಸಿಲಿಂಡರಿನೊಳಗೆ ಇರುವ ವಸ್ತುವಿನ ಸ್ವಭಾವವನ್ನು ತುಸು ವಿಚಾರಿಸಬೇಕು.

1910ರ ಸುಮಾರಿನಲ್ಲಿ ಅಮೆರಿಕದ ಮೋಟಾರು ಯಜಮಾನನೊಬ್ಬನು ತಾನು ಕೊಂಡ ಪೆಟ್ರೋಲಿನಲ್ಲಿ ಬಹುಭಾಗ ಮನೆ ಸೇರುವುದರೊಳಗೆ ಆವಿಯಾಗಿ ಹೋಗುತ್ತದೆಂದು ದೂರಿತ್ತನಂತೆ. ಆ ಆವಿಯನ್ನು ಪರೀಕ್ಷಿಸಿದ ವಾಲ್ಟರ್ ಸ್ನೆಲ್ಲಿಂಗ್ ಎಂಬ ರಸಾಯನಜ್ಞನು ಅದರಲ್ಲಿ ಪ್ರೊಪೇನ್, ಬ್ಯೂಟೇನ್ ಎಂಬ ಅನಿಲಗಳಿರುವುದನ್ನು ಕಂಡುಹಿಡಿದು, ಅವನ್ನು ಒತ್ತಡದಿಂದ ದ್ರವವಾಗಿಸಿ ಉಕ್ಕಿನ ಪಾತ್ರೆಯಲ್ಲಿ ತುಂಬಿಡುವ ಮಾರ್ಗವನ್ನೂ ತೋರಿಸಿದನು. ಪಾಶ್ಚಾತ್ಯ ದೇಶಗಳ ಸಂಚಾರಿ ಗೃಹಗಳಲ್ಲಿ ಒಲೆ, ಶೈತ್ಯಪೆಟ್ಟಿಗೆ, ಬಿಸಿನೀರಿನ ಹಂಡೆ ಎಲ್ಲವನ್ನೂ ನಡೆಸುವುದು ಬಹುಮಟ್ಟಿಗೆ ಪ್ರೊಪೇನ್. ನಮ್ಮ ದೇಶದಲ್ಲಿ ಮನೆಮನೆಗೆ ಬರುವುದು ಪ್ರೊಪೇನ್ ಬ್ಯೂಟೇನ್‌ಗಳ ಮಿಶ್ರಣವಾದ ಎಲ್‌ಪಿಜಿ. ಪ್ರೊಪೇನ್ ಶೂನ್ಯಕ್ಕಿಂತ 42 ಡಿಗ್ರಿ ಕೆಳಗಿನ ಶೈತ್ಯದಲ್ಲಿಯೂ ಕುದಿದು ಆವಿಯಾಗುತ್ತದೆ. ಬ್ಯೂಟೇನಾದರೋ ಶೂನ್ಯದ ಹತ್ತಿರಕ್ಕೆ ಬರುತ್ತಲೇ ಆವಿಯಾಗಲು ಹಿಂದೆಗೆಯುತ್ತದೆ. ತಿರುನೆಲ್ಲಿಯ ಚಳಿ ಅಷ್ಟು ಉಗ್ರವಾದುದಲ್ಲ. ಆದರೂ ಪುಷ್ಯಮಾಸದ ಮುಂಜಾವದಲ್ಲಿ ಅರ್ಧ ಬರಿದಾದ ಸಿಲಿಂಡರಿನ ಜ್ವಾಲೆ ಸಣ್ಣಗಾಗುವುದುಂಟು. ಆಗ ಅದನ್ನು ಕುದಿನೀರಿನ ಪಾತ್ರೆಯಲ್ಲಿ ನಿಲ್ಲಿಸುವ, ಇಲ್ಲವೆ ಪಂಜಿನಿಂದ ಕಾಯಿಸುವ ಸಾಹಸಿಗಳಿದ್ದಾರೆ. ಅದು ಸರ್ವಥಾ ಕೂಡದು.

ಈ ಎರಡು ಅನಿಲಗಳಿಗೂ ಸಮಾನವಾದ ಒಂದು ಗುಣವೇ ನಮ್ಮ ವಿಷಯದ ತಿರುಳು. ಅವು ಗಾಳಿಗಿಂತ ಭಾರವಾದವು. ಪ್ರೊಪೇನ್ ಗಾಳಿಯ ಒಂದೂವರೆಯಷ್ಟು ತೂಗಿದರೆ ಬ್ಯೂಟೇನ್ ಎರಡರಷ್ಟು ತೂಗುತ್ತದೆ. ಸೋರಿದ ಅನಿಲವು ಹೊಗೆಯಂತೆ ಮೇಲೇರಿ ಕಿಟಕಿಯಿಂದ ಹೊರಟುಹೋಗುವುದೆಂದು ನಾವು ಭಾವಿಸುತ್ತೇವೆ. ಅದಾದರೋ ನೀರಿನಂತೆ ಕೆಳಗಿಳಿದು, ತಗ್ಗನ್ನು ಹುಡುಕಿ, ಅಲ್ಲಿ ನಿಲ್ಲುತ್ತದೆ. ಮನೆಯ ಅಡುಗೆಮನೆಗೆ ನೆಲದ ಮಟ್ಟದಲ್ಲಿ ಬಾಗಿಲುಂಟು, ಹೊಸ್ತಿಲಿನಾಚೆ ಪಡಸಾಲೆಯುಂಟು, ಹಿತ್ತಲಿನ ಮೋರಿಯುಂಟು. ವಾಹನವಾದರೋ ಸುತ್ತಲೂ ತಗಡಿನ ಗೋಡೆಗಳುಳ್ಳ, ತಳದಲ್ಲಿ ರಂಧ್ರವಿಲ್ಲದ ಒಂದು ಕೊಪ್ಪರಿಗೆ. ಕಿಟಕಿಗಳು ಮೇಲೆ ಎದೆಯ ಮಟ್ಟದಲ್ಲಿರುವುದರಿಂದ ಅವನ್ನೆಲ್ಲ ತೆರೆದಿಟ್ಟರೂ ತಳದಲ್ಲಿ ತುಂಬಿದ್ದು ತಾನಾಗಿ ಚೆಲ್ಲಿಹೋಗುವುದಿಲ್ಲ.

ಎಷ್ಟು ಅನಿಲ ಸೋರಿದರೆ ಅಪಾಯ? ಗಾಳಿಯ ನೂರು ಭಾಗದಲ್ಲಿ ಸುಮಾರು 2ರಿಂದ 9 ಭಾಗದಷ್ಟು ಬೆರೆತಾಗ ಈ ಅನಿಲ ಕಿಡಿ ತಗುಲಿದೊಡನೆ ಸಿಡಿಯುತ್ತದೆ. ಐದು ಮೀಟರ್ ಉದ್ದ, ಎರಡು ಮೀಟರಿಗೆ ತುಸು ಕಡಮೆ ಅಗಲ, ಎರಡು ಮೀಟರ್ ಎತ್ತರದ ವಾಹನವೊಂದರ ಒಡಲಿನ ಗಾತ್ರ ಸುಮಾರು 18 ಘನಮೀಟರು. ಅದರ ನೂರಕ್ಕೆ ಎರಡು ಭಾಗವೆಂದರೆ ತೂಕದಲ್ಲಿ ಮುಕ್ಕಾಲು ಕಿಲೋಗ್ರಾಮಿಗಿಂತ ಕಿಂಚಿತ್ತು ಹೆಚ್ಚು. ಮನೆಗೆ ಬರುವ ಸಿಲಿಂಡರಿನಲ್ಲಿರುವುದು 14.2 ಕಿಲೋಗ್ರಾಂ! ಅನಿಲವು ಎಲ್ಲೆಡೆಯೂ ಸಮನಾಗಿ ಹರಡದೆ ನೆಲದ ಮೇಲೆ ಪದರವಾಗಿ ಮಲಗುವುದರಿಂದ, ಕೆಳಗೆ ಹಾಸಿಗೆ ಹಾಸಿಕೊಂಡವರ ಮಟ್ಟದಲ್ಲಿ ಇದಕ್ಕಿಂತ ಬಹಳ ಕಡಮೆಯ ಸೋರಿಕೆಯೂ ಅನಾಹುತಕ್ಕೆ ಸಾಕು.

ಇದು ಕೇವಲ ಲೆಕ್ಕದ ಮಾತಲ್ಲ. 2023ರ ಆಗಸ್ಟ್ 26ರ ನಸುಕಿನಲ್ಲಿ ಮದುರೆಯ ರೈಲು ನಿಲ್ದಾಣದ ಬಳಿ ನಿಲ್ಲಿಸಿದ್ದ ಪ್ರವಾಸಿ ಬೋಗಿಯೊಂದು ಉರಿದುಹೋಯಿತು. ಲಖನೌದಿಂದ ದಕ್ಷಿಣದ ಕ್ಷೇತ್ರಗಳ ದರ್ಶನಕ್ಕೆಂದು ಬಂದಿದ್ದ ಯಾತ್ರಿಕರು ನಿಯಮಕ್ಕೆ ವಿರುದ್ಧವಾಗಿ ಅದರೊಳಗೆ ಸಿಲಿಂಡರನ್ನು ತಂದಿದ್ದರು. ಬೆಳಗಿನ ಚಹಾಕ್ಕೆ ಒಲೆ ಹೊತ್ತಿಸಿದ್ದೇ ಒಂಬತ್ತು ಮಂದಿಯ ಮರಣಕ್ಕೆ ಕಾರಣವಾಯಿತು. ರೈಲಿನಲ್ಲಿ ಇಂಥ ವಸ್ತುಗಳನ್ನು ಒಯ್ಯುವವರಿಗೆ 1989ರ ರೈಲ್ವೆ ಕಾಯಿದೆಯು ಮೂರು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸಿದೆ. ಆದರೆ ಯಾತ್ರೆಯ ಗಡಿಬಿಡಿಯಲ್ಲಿ ಕಾಯಿದೆಯನ್ನು ನೆನೆಯುವವರಾರು? ಮುಂದಿನ ವರ್ಷ, 2024ರ ಡಿಸೆಂಬರಿನಲ್ಲಿ, ನಮ್ಮ ಹುಬ್ಬಳ್ಳಿಯ ಉಣಕಲ್ಲಿನ ಕಡೆ, ಶಬರಿಮಲೆಗೆ ಹೊರಡಲಿದ್ದ ಅಯ್ಯಪ್ಪ ಮಾಲಾಧಾರಿಗಳು ದೇವಸ್ಥಾನದ ಚಿಕ್ಕ ಕೋಣೆಯೊಂದರಲ್ಲಿ ಮಲಗಿದ್ದಾಗ ಪಕ್ಕದಲ್ಲಿದ್ದ ಸಿಲಿಂಡರಿನಿಂದ ಸೋರಿದ ಅನಿಲ ಹೊತ್ತಿಕೊಂಡಿತು. ಒಂಬತ್ತು ಮಂದಿ ಸುಟ್ಟಗಾಯಗಳಿಗೆ ತುತ್ತಾದರು. ಒಬ್ಬೊಬ್ಬರಾಗಿ ಎಂಟು ಮಂದಿ ತೀರಿಕೊಂಡರು. ಆ ಕೋಣೆಗೆ ಗಾಲಿಗಳಿರಲಿಲ್ಲವೆಂಬುದನ್ನು ಬಿಟ್ಟರೆ, ಬಾಗಿಲು ಮುಚ್ಚಿ ಮಲಗಿದ ಯಾತ್ರಾವಾಹನಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ.

ಸೋರಿಕೆಯನ್ನು ತಿಳಿಸಲು ಮೂಗು ಇದೆಯಲ್ಲ ಎಂದು ಕೇಳಬಹುದು. ಪ್ರೊಪೇನಿಗಾಗಲಿ ಬ್ಯೂಟೇನಿಗಾಗಲಿ ಸ್ವತಃ ವಾಸನೆಯಿಲ್ಲ. ನಮಗೆ ಕೊಳೆತ ಕೋಸಿನಂತೆ ಅಡರುವುದು ಅದಕ್ಕೆ ಬೇಕೆಂದೇ ಬೆರೆಸಿದ ಈಥೈಲ್ ಮರ್ಕ್ಯಾಪ್ಟನ್ ಎಂಬ ಗಂಧಕಯುಕ್ತ ದ್ರವ್ಯ. ಸ್ಫೋಟದ ಮಿತಿಗಿಂತ ಬಹಳ ಮೊದಲೇ ಗೊತ್ತಾಗಲೆಂದು ಅದನ್ನು ಸೇರಿಸುತ್ತಾರೆ. ಆದರೆ ನಿದ್ರಿಸುವವನ ಮೂಗೂ ನಿದ್ರಿಸುತ್ತದೆ. ಎಚ್ಚರದಲ್ಲಿರುವವನ ಮೂಗು ಕೂಡ ಒಂದೇ ವಾಸನೆಯಲ್ಲಿ ಬಹಳ ಹೊತ್ತು ಇದ್ದರೆ ಅದಕ್ಕೆ ಒಗ್ಗಿಹೋಗುತ್ತದೆ. ಆದುದರಿಂದ ಸಂಚಾರಿ ಗೃಹದಲ್ಲಿ ಅನಿಲಸೂಚಕ ಯಂತ್ರವೊಂದು ಇರಲೇಬೇಕು, ಅದು ನೆಲದಿಂದ ಗೇಣಿನಷ್ಟು ಎತ್ತರದಲ್ಲಿಯೇ ಇರಬೇಕು. ಅದನ್ನು ಅಂದಕ್ಕಾಗಿ ಚಾವಣಿಯಲ್ಲಿ ದೀಪಗಳ ನಡುವೆ ಜೋಡಿಸಿದ ಕಡೆಗಳುಂಟು. ಅಲ್ಲಿಗೆ ಅನಿಲ ತಲಪುವ ಹೊತ್ತಿಗೆ ಎಚ್ಚರಗೊಳ್ಳಲು ಒಳಗೆ ಯಾರೂ ಉಳಿದಿರಲಾರರು.

ಹಾಗಾದರೆ ಸಿಲಿಂಡರಿನ ಸ್ಥಾನ ಯಾವುದು? ಯೂರೋಪು ಅಮೆರಿಕಗಳ ನಿರ್ಮಾಪಕರು ದಶಕಗಳ ಅನುಭವದಿಂದ ಒಂದು ಪದ್ಧತಿಗೆ ಬಂದಿದ್ದಾರೆ. ವಾಹನದ ಮೈಗೆ ಹೊರಗಿನಿಂದ ಮಾತ್ರ ಬಾಗಿಲು ತೆರೆಯುವ ಒಂದು ಗೂಡನ್ನು ಮಾಡಿ, ವಾಸದ ಒಳಭಾಗಕ್ಕೂ ಅದಕ್ಕೂ ನಡುವೆ ಒಂದು ಬಿರುಕೂ ಇಲ್ಲದಂತೆ ಮುಚ್ಚಿ, ಗೂಡಿನ ತಳದಲ್ಲಿ ನೆಲಕ್ಕೆ ತೆರೆದುಕೊಳ್ಳುವ ರಂಧ್ರವನ್ನು ಬಿಡುತ್ತಾರೆ. ಸೋರಿದ್ದು ತನ್ನ ಭಾರದಿಂದಲೇ ರಸ್ತೆಗೆ ಬಿದ್ದು ಗಾಳಿಯಲ್ಲಿ ಲೀನವಾಗುತ್ತದೆ. ಅನಿಲದ ಯಾವ ಸ್ವಭಾವದಿಂದ ಅಪಾಯ ಹುಟ್ಟುವುದೋ ಅದೇ ಸ್ವಭಾವದಿಂದ ಅದನ್ನು ಹೊರಹಾಕುವ ಈ ಉಪಾಯಕ್ಕೆ ಯಂತ್ರ ಬೇಡ, ವಿದ್ಯುತ್ತು ಬೇಡ. ನಮ್ಮಲ್ಲಿ ವಾಹನವನ್ನು ಮಾರ್ಪಡಿಸಿಕೊಳ್ಳುವವರು ಮಂಚದ ನುಣುಪಿನ ಕಡೆಗೆ ಹರಿಸುವ ಗಮನದಲ್ಲಿ ದಶಾಂಶವನ್ನು ಈ ರಂಧ್ರದ ಕಡೆಗೆ ಹರಿಸಿದರೆ ಸಾಕು.

ಗೂಡಿನಲ್ಲಿ ಸಿಲಿಂಡರು ನೆಟ್ಟಗೆ ನಿಂತಿರಬೇಕು, ಪಟ್ಟಿಗಳಿಂದ ಬಿಗಿಯಲ್ಪಟ್ಟಿರಬೇಕು. ನಿಂತ ಸಿಲಿಂಡರಿನಲ್ಲಿ ದ್ರವ ಕೆಳಗಿದ್ದು ಮೇಲಿನ ಆವಿ ಮಾತ್ರ ಕವಾಟಕ್ಕೆ ಬರುತ್ತದೆ. ಮಲಗಿಸಿದೊಡನೆ ದ್ರವವೇ ಕವಾಟವನ್ನು ಸೇರುತ್ತದೆ, ಮತ್ತು ಹೊರಬಿದ್ದ ಒಂದು ಪಾಲು ದ್ರವ ಸುಮಾರು 250 ಪಾಲು ಅನಿಲವಾಗಿ ಹಿಗ್ಗುತ್ತದೆ. ತಿರುವುಗಳ ದಾರಿಯಲ್ಲಿ ಆಸನದ ಕೆಳಗೆ ಅಡ್ಡಬಿದ್ದು ಆಚೆಯಿಂದೀಚೆಗೆ ಉರುಳುವ ಸಿಲಿಂಡರಿನ ಸದ್ದನ್ನು ಕೇಳಿದವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ. ಕಾರ್ಖಾನೆಯಲ್ಲಿ ಸಿಲಿಂಡರಿನ ಗಾತ್ರದ ನೂರಕ್ಕೆ ಸುಮಾರು 85 ಭಾಗವನ್ನು ಮಾತ್ರ ದ್ರವದಿಂದ ತುಂಬಿ ಉಳಿದುದನ್ನು ಹಿಗ್ಗಲು ಬಿಡುತ್ತಾರೆ. ಮನೆಯ ದೊಡ್ಡ ಸಿಲಿಂಡರಿನಿಂದ ಚಿಕ್ಕದಕ್ಕೆ ಕಳ್ಳತನದಿಂದ ಬಗ್ಗಿಸಿ ತುಂಬಿಕೊಡುವ ಅಂಗಡಿಗಳಲ್ಲಿ ಈ ಲೆಕ್ಕವಿರುವುದಿಲ್ಲ; ಮೈಸೂರಿನ ಬೇಸಗೆಯ ಬಿಸಿಲಿನಲ್ಲಿ ವಾಹನವನ್ನು ನಿಲ್ಲಿಸಿದಾಗ ಹಿಗ್ಗಿದ ದ್ರವವು ಜಾಗವಿಲ್ಲದೆ ಉಕ್ಕಿನ ಗೋಡೆಯನ್ನೇ ಒತ್ತುತ್ತದೆ. ಪ್ರವಾಸಕ್ಕೆ ಬೇಕಾದವರಿಗೆ ತೈಲ ಸಂಸ್ಥೆಗಳ 5 ಕಿಲೋಗ್ರಾಮಿನ ಸಿಲಿಂಡರು ಗುರುತಿನ ಚೀಟಿಯೊಂದನ್ನು ತೋರಿಸಿದರೆ ಆಯ್ದ ಪೆಟ್ರೋಲ್ ಬಂಕುಗಳಲ್ಲಿಯೂ ವಿತರಕರಲ್ಲಿಯೂ ದೊರೆಯುವಾಗ ಆ ಅಂಗಡಿಗಳ ಸಹವಾಸ ಏಕೆ?

ಸಿಲಿಂಡರಿಗೂ ಆಯುಸ್ಸಿನ ಪರೀಕ್ಷೆಯುಂಟು. ಮೇಲಣ ಹಿಡಿಯ ಬಳೆಯನ್ನು ತಾಳಿರುವ ಮೂರು ಉಕ್ಕಿನ ಪಟ್ಟಿಗಳಲ್ಲೊಂದರ ಒಳಮೈಯಲ್ಲಿ ಎ, ಬಿ, ಸಿ, ಡಿ ಅಕ್ಷರಗಳಲ್ಲಿ ಯಾವುದಾದರೊಂದೂ ಅದರೊಡನೆ ಇಸವಿಯ ಕೊನೆಯ ಎರಡಂಕಿಗಳೂ ಬರೆದಿರುತ್ತವೆ. ಎ ಎಂದರೆ ಜನವರಿಯಿಂದ ಮಾರ್ಚಿ, ಬಿ ಎಂದರೆ ಏಪ್ರಿಲಿನಿಂದ ಜೂನ್, ಹೀಗೆ ಮೂರು ಮೂರು ತಿಂಗಳು. ಬಿ-27 ಎಂದಿದ್ದರೆ 2027ರ ಜೂನಿನೊಳಗೆ ಆ ಸಿಲಿಂಡರು ಮರುಪರೀಕ್ಷೆಗೆ ಹೋಗಬೇಕೆಂದರ್ಥ. ವರ್ಷಗಟ್ಟಲೆ ಅಟ್ಟದ ಮೇಲಿದ್ದು ಯಾತ್ರೆಯ ಹಿಂದಿನ ದಿನ ಕೆಳಗಿಳಿಯುವ ಸಿಲಿಂಡರುಗಳಲ್ಲಿ ಈ ಬರಹವನ್ನು ಓದಿ ನೋಡಿದವರು ವಿರಳ. ಉಕ್ಕಿನ ತಂತಿ ಹೆಣೆದ ಕಿತ್ತಳೆ ಬಣ್ಣದ ಸುರಕ್ಷಾ ಕೊಳವೆಗೂ ಐದು ವರ್ಷದ ಮಿತಿಯಿದೆ. ನಿಂತ ಮನೆಯಲ್ಲಿ ಕೊಳವೆಗೆ ಅಲುಗಾಟವಿಲ್ಲ. ಹುಣಸೂರಿನಿಂದ ಕುಟ್ಟದವರೆಗಿನ ಪ್ರತಿಯೊಂದು ಉಬ್ಬುತಗ್ಗೂ ವಾಹನದ ಕೊಳವೆಯ ಕೂಡುಸ್ಥಳವನ್ನು ಒಂದಿಷ್ಟು ಸಡಿಲಿಸುತ್ತದೆ. ಆದುದರಿಂದ ಪ್ರತಿ ಪ್ರಯಾಣದ ಮೊದಲು ಸಾಬೂನಿನ ನೊರೆಯನ್ನು ಕೂಡುಸ್ಥಳಗಳಿಗೆ ಹಚ್ಚಿ ಗುಳ್ಳೆ ಏಳುವುದೋ ನೋಡಬೇಕು. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವ ವೀರರ ಪರಂಪರೆ ಇನ್ನೂ ನಿರ್ಮೂಲವಾಗಿಲ್ಲವೆಂಬುದರಿಂದ ಇದನ್ನು ಬಿಡಿಸಿ ಹೇಳಬೇಕಾಯಿತು.

ಇಷ್ಟು ಸೋರಿಕೆಯ ವಿಚಾರ. ಸೋರಿಕೆಯೇ ಇಲ್ಲದೆ, ನೀಲಿ ಜ್ವಾಲೆ ಅಂದವಾಗಿ ಉರಿಯುತ್ತಿರುವಾಗಲೂ ಪ್ರಾಣ ತೆಗೆಯುವ ಶತ್ರು ಇನ್ನೊಂದಿದೆ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಇಂಧನ ಯಾವುದೇ ಇರಲಿ, ಸಾಕಷ್ಟು ಆಮ್ಲಜನಕ ದೊರೆಯದೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ರಕ್ತದ ಹೀಮೊಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಮಿಗಿಲಾದ ಆಸಕ್ತಿಯಿಂದ ಅದನ್ನು ಅಪ್ಪಿಕೊಳ್ಳುತ್ತದೆ. ಮೊದಲು ತಲೆನೋವು, ಬಳಿಕ ವಾಕರಿಕೆ, ಬಳಿಕ ತೂಕಡಿಕೆ. ಪ್ರಯಾಣದ ಆಯಾಸವೆಂದು ತಿಳಿದು ಮಲಗಿದವನು ಏಳುವುದಿಲ್ಲ. 2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬಲ್ಲಿ ಕೇರಳದಿಂದ ಪ್ರವಾಸ ಹೋಗಿದ್ದ ಎಂಟು ಮಂದಿ, ಅವರಲ್ಲಿ ನಾಲ್ವರು ಮಕ್ಕಳು, ಚಳಿಗೆ ಅನಿಲದ ಹೀಟರನ್ನು ಹಚ್ಚಿ, ಬಾಗಿಲು ಕಿಟಕಿಗಳನ್ನು ಭದ್ರಪಡಿಸಿ ಮಲಗಿ ಅಸುನೀಗಿದರು. 2024ರ ಡಿಸೆಂಬರಿನಲ್ಲಿ, ಹುಬ್ಬಳ್ಳಿಯ ದುರಂತ ನಡೆದ ಆ ದಿನಗಳಲ್ಲಿಯೇ, ವಯನಾಡಿನ ಬೆಟ್ಟಗಳ ಕೆಳಗಿರುವ ವಡಗರೆಯಲ್ಲಿ ರಸ್ತೆಯ ಬದಿಗೆ ನಿಲ್ಲಿಸಿದ್ದ ಕ್ಯಾರವಾನೊಂದರಲ್ಲಿ ಇಬ್ಬರು ಶವವಾಗಿ ಸಿಕ್ಕಿದರು. ಕಲ್ಲಿಕೋಟೆಯ ರಾಷ್ಟ್ರೀಯ ತಾಂತ್ರಿಕ ವಿದ್ಯಾಸಂಸ್ಥೆಯ ತಜ್ಞರು ಅದೇ ವಾಹನದಲ್ಲಿ ಪ್ರಯೋಗ ನಡೆಸಿ, ತಂಪುಯಂತ್ರಕ್ಕಾಗಿ ಓಡಿಸಿದ ಜನರೇಟರಿನ ಹೊಗೆ ತಳದ ಸಂದಿಯಿಂದ ಒಳನುಗ್ಗಿದ್ದೇ ಕಾರಣವೆಂದು ಕಂಡುಕೊಂಡರು. ಅಲ್ಲಿ ಅಡುಗೆಯ ಅನಿಲಕ್ಕೆ ಸಂಬಂಧವಿರಲಿಲ್ಲ. ಆದರೆ ವಾಹನದ ಒಡಲು ಎಷ್ಟು ಕಿರಿದು, ಅದರ ಗಾಳಿ ಎಷ್ಟು ಬೇಗ ಕೆಡುತ್ತದೆ ಎಂಬುದು ಅಲ್ಲಿಯೂ ಅದೇ.

ಈ ಮಾತು ತಿರುನೆಲ್ಲಿಯ ದಾರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಹೆಗ್ಗಡದೇವನಕೋಟೆಯಿಂದ ಬಾವಲಿಯ ಮೂಲಕ ಮಾನಂದವಾಡಿಗೆ ಹೋಗುವ ಹೆದ್ದಾರಿಯನ್ನು ವನ್ಯಮೃಗಗಳ ಹಿತಕ್ಕಾಗಿ ಸಂಜೆ 6ರಿಂದ ಬೆಳಗಿನ 6ರವರೆಗೆ ಮುಚ್ಚುತ್ತಾರೆ. ಕುಟ್ಟದ ಬಳಸುದಾರಿಯನ್ನು ಅರಿಯದೆ ತಡವಾಗಿ ಬಂದವರು ಕಾಡಂಚಿನಲ್ಲಿ ವಾಹನದೊಳಗೇ ರಾತ್ರಿ ಕಳೆಯುವ ಪ್ರಸಂಗ ಬರುತ್ತದೆ. ಆನೆಯ ಭಯ, ಚಳಿಯ ಭಯ, ಸೊಳ್ಳೆಯ ಭಯಗಳಿಂದ ಗಾಜುಗಳೆಲ್ಲ ಮೇಲಕ್ಕೇರುತ್ತವೆ. ಬೆಚ್ಚಗಾಗಲೆಂದು ಒಲೆ ಸಣ್ಣಗೆ ಉರಿಯುತ್ತದೆ. ಅಡುಗೆಯ ಒಲೆ ಇರುವುದು ಅಡುಗೆಗೆ. ಕೋಣೆಯನ್ನು ಕಾಯಿಸುವುದು ಅದರ ಧರ್ಮವಲ್ಲ. ಕರ್ಕಾಟಕದ ಅಮಾವಾಸ್ಯೆಯ ಸಂದರ್ಭ ಇದಕ್ಕಿಂತಲೂ ವಿಷಮ. ನಾವು ಸಾಮಾನ್ಯವಾಗಿ ಭೀಮನ ಅಮಾವಾಸ್ಯೆಯೆಂದು ಆಚರಿಸುವ ಆ ದಿನ ವಯನಾಡಿನಲ್ಲಿ ಮಳೆ ಮುಸಲಧಾರೆಯಾಗಿ ಸುರಿಯುತ್ತಿರುತ್ತದೆ. ಹೊರಗೆ ಒಲೆ ಹೂಡಲು ಒಣಗಿದ ನೆಲವಿಲ್ಲದ್ದರಿಂದ, ಬೇಸಗೆಯಲ್ಲಿ ಮರದ ನೆರಳಿಗೆ ಇಳಿಯುತ್ತಿದ್ದ ಒಲೆ ವಾಹನದೊಳಕ್ಕೇ ಬರುತ್ತದೆ. ಮಳೆಗಾಲದಲ್ಲಿ ಒಳಗೆ ಉರಿಸಲೇಬೇಕಾದವರು ಮೇಲಿನ ಕಿಟಕಿಯೊಂದನ್ನೂ ಕೆಳಗಿನ ಬಾಗಿಲನ್ನೂ ಒಟ್ಟಿಗೆ ತೆರೆದಿಟ್ಟು, ಹೊಗೆಗೆ ಮೇಲೂ ಅನಿಲಕ್ಕೆ ಕೆಳಗೂ ದಾರಿ ಮಾಡಿಕೊಡಬೇಕು. ಮಲಗುವ ಮೊದಲು ಒಲೆಯ ಗುಂಡಿಯನ್ನಲ್ಲ, ಸಿಲಿಂಡರಿನ ರೆಗ್ಯುಲೇಟರನ್ನೇ ಮುಚ್ಚಬೇಕು. ಅದನ್ನು ಕಳಚಿದಾಗ ದಾರದಲ್ಲಿ ಜೋತಾಡುವ ಬಿಳಿಯ ಮುಚ್ಚಳವನ್ನು ಕವಾಟದ ಬಾಯಿಗೆ ಒತ್ತಿ ಕೂರಿಸುವುದೂ ಮುಖ್ಯ. ಮಕ್ಕಳ ಆಟಿಕೆಯೆಂದು ಅದನ್ನು ಕಿತ್ತೆಸೆಯುವ ಮನೆಗಳೇ ಹೆಚ್ಚು.

ವಾಸನೆ ಬಂದೇಬಿಟ್ಟಿತೆನ್ನಿ. ಮನೆಯಲ್ಲಾದರೆ ದೀಪದ ಗುಂಡಿ ಒತ್ತಬಾರದೆಂದು ಈಗ ಬಹುಮಂದಿಗೆ ಗೊತ್ತು. ವಾಹನದಲ್ಲಿ ಅದಕ್ಕಿಂತ ಬಲವಾದ ಒಂದು ಪ್ರಚೋದನೆಯಿದೆ: ಎಂಜಿನನ್ನು ಚಾಲೂ ಮಾಡಿ, ಬಯಲಿಗೆ ಹೋಗಿ, ಗಾಳಿಯಾಡಲು ಬಿಡೋಣವೆಂದು ಚಾಲಕನ ಕೈ ತಾನಾಗಿ ಕೀಲಿಯತ್ತ ಹೋಗುತ್ತದೆ. ಸ್ಟಾರ್ಟರಿನ ಒಂದು ಕಿಡಿ ಸಾಕು. ಮೊದಲು ಜನರು ಇಳಿಯಬೇಕು, ಇಳಿಯುವಾಗ ಬಾಗಿಲುಗಳನ್ನೆಲ್ಲ ತೆರೆದಿಡಬೇಕು, ಕೈಗೆಟುಕಿದರೆ ಕವಾಟವನ್ನು ಮುಚ್ಚಬೇಕು. ಶೈತ್ಯಪೆಟ್ಟಿಗೆ, ಇನ್ವರ್ಟರ್, ಮೊಬೈಲುಗಳನ್ನು ಇದ್ದಂತೆಯೇ ಬಿಡಬೇಕು, ಹಚ್ಚಲೂ ಬಾರದು, ಆರಿಸಲೂ ಬಾರದು. ವಾಹನದಿಂದ ದೂರ ಹೋದಮೇಲೆ 1906 ಎಂಬ ಸಂಖ್ಯೆಗೆ ಕರೆಮಾಡಿದರೆ ದೇಶದ ಎಲ್ಲೆಡೆಯೂ ಅನಿಲ ಸೋರಿಕೆಯ ತುರ್ತುಸಹಾಯ ದೊರೆಯುತ್ತದೆ. ಕವಾಟದ ಬಾಯಲ್ಲಿ ಜ್ವಾಲೆಯೇ ಎದ್ದಿದ್ದರೆ, ಅನಿಲವನ್ನು ನಿಲ್ಲಿಸಲಾಗದೆ ಬೆಂಕಿಯನ್ನಷ್ಟೇ ಆರಿಸುವುದು ಜಾಣತನವಲ್ಲ. ಉರಿಯದೆ ಹೊರಬರುವ ಅನಿಲ ಮತ್ತೆಲ್ಲಿಯೋ ಶೇಖರವಾಗಿ ಒಮ್ಮೆಗೇ ಸಿಡಿಯುತ್ತದೆ.

ಆದರೆ ಕುಟ್ಟದಿಂದ ತೆಟ್ಟ್ ರೋಡಿನವರೆಗಿನ ಕಾಡುದಾರಿಯಲ್ಲಿ ಈ ಉಪದೇಶವನ್ನು ಪಾಲಿಸುವುದು ಹೇಗೆ? ತೋಲ್ಪೆಟ್ಟಿಯು ವಯನಾಡು ವನ್ಯಜೀವಿಧಾಮದ ಭಾಗ. ಅಲ್ಲಿ ವಾಹನವನ್ನು ನಿಲ್ಲಿಸುವುದೂ ಇಳಿಯುವುದೂ ನಿಷಿದ್ಧ, ಮತ್ತು ಆ ನಿಷೇಧಕ್ಕೆ ಕಾರಣವಾದ ಆನೆಗಳು ಬಿದಿರುಮೆಳೆಗಳ ಹಿಂದೆ ಸಾಕಷ್ಟಿವೆ. ಒಳಗೆ ಅನಿಲ, ಹೊರಗೆ ಆನೆ ಎಂಬ ಇಕ್ಕಟ್ಟಿನಲ್ಲಿ ಇಳಿಯುವುದೇ ಮೇಲೆಂದು ನನ್ನ ಅಭಿಪ್ರಾಯ. ಆನೆಯ ಮನಸ್ಸನ್ನಾದರೂ ಒಲಿಸಬಹುದು. ಆದರೆ ಆ ಇಕ್ಕಟ್ಟಿಗೆ ಸಿಲುಕದಿರುವುದು ಇನ್ನೂ ಮೇಲು. ಕುಟ್ಟದ ತಪಾಸಣೆಯ ಗೇಟಿಗಿಂತ ಮೊದಲು ವಾಹನವನ್ನು ನಿಲ್ಲಿಸಿ, ರೆಗ್ಯುಲೇಟರನ್ನು ಕಳಚಿ, ಮುಚ್ಚಳ ಒತ್ತಿ, ಸಿಲಿಂಡರಿನ ಪಟ್ಟಿಯನ್ನು ಮತ್ತೊಮ್ಮೆ ಬಿಗಿದು ಹೊರಡಬೇಕು; ಹಸಿದ ಮಕ್ಕಳಿಗೆ ತೆಟ್ಟ್ ರೋಡಿನ ಅಂಗಡಿಗಳಲ್ಲಿ ಬಿಸಿ ಉಣ್ಣಿಯಪ್ಪ ಸಿಕ್ಕುತ್ತದೆ, ಶ್ರಾದ್ಧದ ಕರ್ತೃವಿಗೆ ಹೇಗೂ ಅಂದು ಉಪವಾಸ.